ಹಳೆಯ ಕಾರಿನ ಮಂಕು ದೀಪ ಮತ್ತು ರಿಲೇ ಎಂಬ ಪುಟ್ಟ ಸಹಾಯಕ

ರಾತ್ರಿಯ ಹೊತ್ತು ಹೆದ್ದಾರಿಯ ಪಕ್ಕದ ಯಾವುದಾದರೂ ಊರಿನಲ್ಲಿ ನಿಂತು, ಹೋಗಿಬರುವ ವಾಹನಗಳ ಹೆಡ್‌ಲೈಟುಗಳನ್ನು ಸ್ವಲ್ಪ ಹೊತ್ತು ಗಮನಿಸಿ. ಹೊಸ ಕಾರುಗಳ ಬೆಳಕು ಬೆಳ್ಳಗೆ, ಚುರುಕಾಗಿ ರಸ್ತೆಯ ಮೇಲೆ ಬೀಳುತ್ತದೆ. ಅವುಗಳ ನಡುವೆ ಅಪರೂಪಕ್ಕೆ ಒಂದು ಹಳೆಯ ಅಂಬಾಸಿಡರ್ ಬಂದರೆ ಅದರ ಬೆಳಕು ಹಳದಿಗೆ ತಿರುಗಿ, ಲಾಂದ್ರದ ಬೆಳಕಿನಂತೆ ಮಂಕಾಗಿ ಕಾಣುವುದುಂಟು. ಬ್ಯಾಟರಿ ಹೊಸದು, ಬಲ್ಬು ಹೊಸದು, ಗಾಜನ್ನೂ ಒರೆಸಿ ಇಟ್ಟಿದ್ದಾರೆ. ಆದರೂ ಬೆಳಕು ಸಾಲದು. ಇದಕ್ಕೆ ಕಾರಣವೇನು?

ಅಂಬಾಸಿಡರ್ ನಮ್ಮ ರಸ್ತೆಗಳಿಗೆ ಬಹಳ ಪರಿಚಿತವಾದ ಕಾರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದನ್ನು ತಯಾರಿಸಿತು. ಅಧಿಕಾರಿಗಳ ಕಾರಾಗಿ, ಬಾಡಿಗೆಯ ಟ್ಯಾಕ್ಸಿಯಾಗಿ, ಮದುವೆ ದಿಬ್ಬಣದ ಗಾಡಿಯಾಗಿ ಅದು ದುಡಿದಿದೆ. ಇಂದು ಅದನ್ನು ಪ್ರೀತಿಯಿಂದ ಉಳಿಸಿಕೊಂಡು ಬಂದವರು ಹಲವರಿದ್ದಾರೆ. ಅಂಥವರು ದೀಪ ಮಂಕಾಯಿತೆಂದು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಇನ್ನೂ ದೊಡ್ಡ ವಾಟಿನ ಬಲ್ಬು ಹಾಕಿಸಿ.’ ಈ ಸಲಹೆ ಏಕೆ ಸರಿಯಲ್ಲ, ಸರಿಯಾದ ಪರಿಹಾರ ಯಾವುದು ಎಂಬುದನ್ನು ನೀವು ಶಾಲೆಯಲ್ಲಿ ಕಲಿತ ಓಮನ ನಿಯಮದಿಂದಲೇ ತಿಳಿದುಕೊಳ್ಳಬಹುದು.

ವಿದ್ಯುತ್ತು ಸಾಗುವ ದಾರಿ

ಕಾರಿನ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗೆ. ಹೆಡ್‌ಲೈಟುಗಳಿರುವುದು ಅಲ್ಲೇ ಮುಂದೆ. ಎರಡರ ನಡುವಿನ ದೂರ ಒಂದೂವರೆ ಮೀಟರಿನಷ್ಟು ಇರಬಹುದು. ಆದರೆ ವಿದ್ಯುತ್ತು ಈ ನೇರ ದಾರಿಯಲ್ಲಿ ಹೋಗುವುದಿಲ್ಲ. ಚಾಲಕನ ಕೈಗೆ ಸಿಗುವಂತೆ ಸ್ವಿಚ್ಚು ಒಳಗಿರಬೇಕಲ್ಲವೆ? ಆದ್ದರಿಂದ ತಂತಿಯು ಬ್ಯಾಟರಿಯಿಂದ ಹೊರಟು, ಇಂಜಿನ್ನಿನ ಹಿಂದಿನ ತಗಡನ್ನು ದಾಟಿ, ಡ್ಯಾಷ್‌ಬೋರ್ಡಿನಲ್ಲಿರುವ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಬೆಳಕನ್ನು ಮೇಲೆ ಕೆಳಗೆ ಮಾಡುವ ಡಿಪ್ ಸ್ವಿಚ್ಚಿಗೆ ಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಈ ಸ್ವಿಚ್ಚು ಕಾಲಿನಿಂದ ಒತ್ತುವಂಥದ್ದು. ಅದು ನೆಲದ ಮೇಲಿರುವುದರಿಂದ ಚಪ್ಪಲಿಯ ಧೂಳು, ಮಳೆಗಾಲದ ನೀರು ಎಲ್ಲವೂ ಅದಕ್ಕೆ ತಗಲುತ್ತದೆ. ಅಲ್ಲಿಂದ ತಂತಿ ಮತ್ತೆ ತಗಡನ್ನು ದಾಟಿ, ಮುಂದೆ ಬಂದು, ಎಡ ಬಲ ದೀಪಗಳಿಗೆ ಕವಲೊಡೆಯುತ್ತದೆ. ದೀಪದಿಂದ ಬ್ಯಾಟರಿಗೆ ಮರಳುವ ದಾರಿಗೆ ಪ್ರತ್ಯೇಕ ತಂತಿಯಿಲ್ಲ. ಕಾರಿನ ಲೋಹದ ಮೈಯೇ ಆ ಕೆಲಸ ಮಾಡುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ‘ಅರ್ತ್’ ಎನ್ನುತ್ತಾರೆ.

ಹೀಗೆ ಒಂದೂವರೆ ಮೀಟರಿನ ಕೆಲಸಕ್ಕೆ ವಿದ್ಯುತ್ತು ಸುಮಾರು 6 ಮೀಟರ್ ಸುತ್ತಾಡುತ್ತದೆ. ದಾರಿಯಲ್ಲಿ ಎರಡು ಸ್ವಿಚ್ಚುಗಳು, ಹಲವಾರು ಜೋಡಣೆಗಳು. ಕಾರು ಹೊಸದಾಗಿದ್ದಾಗ ಇವೆಲ್ಲ ಹೊಳೆಯುತ್ತಿದ್ದವು. ಮೂವತ್ತು ನಲವತ್ತು ವರ್ಷಗಳಾದ ಮೇಲೆ ಹಿತ್ತಾಳೆಯ ತುದಿಗಳಿಗೆ ಕಿಲುಬು ಹಿಡಿದಿರುತ್ತದೆ, ಸ್ವಿಚ್ಚಿನ ಸಂಪರ್ಕಗಳು ಕರಿಕಟ್ಟಿರುತ್ತವೆ, ಅರ್ತ್ ಕೊಟ್ಟ ಜಾಗಕ್ಕೆ ತುಕ್ಕು ಬಂದಿರುತ್ತದೆ.

ಸಣ್ಣ ರೋಧ, ದೊಡ್ಡ ನಷ್ಟ

ಈಗ ಒಂದು ಲೆಕ್ಕ ಮಾಡೋಣ. 1827ರಲ್ಲಿ ಜರ್ಮನಿಯ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮ ನಿಮಗೆ ಗೊತ್ತು. ತಂತಿಯಲ್ಲಿ ಕಳೆದುಹೋಗುವ ವಿಭವಾಂತರವು ಅದರಲ್ಲಿ ಹರಿಯುವ ಪ್ರವಾಹ ಮತ್ತು ಅದರ ರೋಧ, ಇವೆರಡರ ಗುಣಲಬ್ಧ.

ಎಚ್4 ಎಂಬ ಹ್ಯಾಲೋಜನ್ ಬಲ್ಬು ಹಳೆಯ ದುಂಡು ಹೆಡ್‌ಲೈಟುಗಳಲ್ಲಿ ಇಂದು ಹೆಚ್ಚಾಗಿ ಕಾಣಸಿಗುತ್ತದೆ. ಅದರಲ್ಲಿ ಎರಡು ತಂತುಗಳಿರುತ್ತವೆ: ದೂರದ ಬೆಳಕಿಗೆ 60 ವಾಟಿನದು, ಡಿಪ್ ಬೆಳಕಿಗೆ 55 ವಾಟಿನದು. ಕಾರಿನದು 12 ವೋಲ್ಟಿನ ವ್ಯವಸ್ಥೆ. ಎರಡು ದೀಪ ಸೇರಿ 120 ವಾಟ್ ಎಂದರೆ, 120ನ್ನು 12ರಿಂದ ಭಾಗಿಸಿದಾಗ ಸಿಗುವುದು 10 ಆಂಪಿಯರ್. ಡಿಪ್ ಬೆಳಕಿಗೂ ಹೆಚ್ಚುಕಡಿಮೆ ಇಷ್ಟೇ ಪ್ರವಾಹ ಎಂದುಕೊಳ್ಳೋಣ.

1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರೊಂದಕ್ಕೆ ಸುಮಾರು 0.0175 ಓಮ್ ರೋಧವಿರುತ್ತದೆ. 6 ಮೀಟರಿಗೆ ಸುಮಾರು 0.105 ಓಮ್ ಆಯಿತು. ಕಿಲುಬು ಹಿಡಿದ ಸ್ವಿಚ್ಚು, ಜೋಡಣೆ, ಅರ್ತ್ ಎಲ್ಲ ಸೇರಿ 0.045 ಓಮ್ ಎಂದಿಟ್ಟುಕೊಂಡರೆ ಒಟ್ಟು 0.15 ಓಮ್. ಎಷ್ಟು ಸಣ್ಣ ಸಂಖ್ಯೆ! ಆದರೆ ಅದನ್ನು 10 ಆಂಪಿಯರಿನಿಂದ ಗುಣಿಸಿ ನೋಡಿ: 1.5 ವೋಲ್ಟ್. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಬಳಿ 13.2 ವೋಲ್ಟ್ ಇದ್ದರೆ, ದೀಪಕ್ಕೆ ತಲಪುವುದು 11.7 ವೋಲ್ಟ್ ಮಾತ್ರ. ಉಳಿದದ್ದು ದಾರಿಯಲ್ಲೇ ಶಾಖವಾಗಿ ಹೋಯಿತು.

‘ಹೋದದ್ದು ಶೇಕಡಾ 11ರಷ್ಟು ತಾನೆ, ಬೆಳಕೂ ಅಷ್ಟೇ ಕಡಿಮೆಯಾಗುತ್ತದೆ’ ಎಂದು ನೀವು ಹೇಳಬಹುದು. ಇಲ್ಲೇ ಇರುವುದು ವಿಶೇಷ. ತಂತುವಿನ ಬಲ್ಬಿನಲ್ಲಿ ಬೆಳಕು ವೋಲ್ಟೇಜಿನ ಜೊತೆ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ. ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ ಎಂಬುದು ಇಂಜಿನಿಯರುಗಳು ಬಳಸುವ ಸೂತ್ರ. ವೋಲ್ಟೇಜು ಇಳಿದಾಗ ತಂತುವಿನ ಉಷ್ಣತೆ ಇಳಿಯುತ್ತದೆ. ಉಷ್ಣತೆ ಇಳಿದರೆ ಅದು ಹೊರಸೂಸುವ ಒಟ್ಟು ಶಕ್ತಿ ಕಡಿಮೆಯಾಗುವುದಲ್ಲದೆ, ಆ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಕಡಿಮೆಯಾಗಿ, ಕಾಣದ ಅವಕೆಂಪು ಕಿರಣಗಳ ಪಾಲು ಹೆಚ್ಚುತ್ತದೆ. ಕುಲುಮೆಯಲ್ಲಿ ಕಾದ ಕಬ್ಬಿಣ ತಣಿಯುತ್ತ ಬಂದಂತೆ ಬಿಳುಪಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುವುದನ್ನು ನೋಡಿದ್ದೀರಲ್ಲ, ಇಲ್ಲಿ ನಡೆಯುವುದೂ ಅದೇ. ಹಳೆಯ ಕಾರಿನ ದೀಪ ಹಳದಿಯಾಗಿ ಕಾಣುವುದರ ಗುಟ್ಟು ಇದು.

ನಮ್ಮ ಲೆಕ್ಕದಲ್ಲಿ 11.7ನ್ನು 13.2ರಿಂದ ಭಾಗಿಸಿ, 3.4ನೆಯ ಘಾತಕ್ಕೇರಿಸಿದರೆ ಸುಮಾರು 0.66 ಬರುತ್ತದೆ. ಅಂದರೆ ಬೆಳಕಿನ ಮೂರನೆಯ ಒಂದು ಪಾಲು ಮಾಯ! ಎಚ್4 ಬಲ್ಬಿನ ಡಿಪ್ ತಂತು 13.2 ವೋಲ್ಟಿನಲ್ಲಿ ಸುಮಾರು 1000 ಲ್ಯೂಮೆನ್ ಬೆಳಕು ಕೊಡಬೇಕೆಂದು ಅದರ ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ನಮ್ಮ ಕಾರಿನಲ್ಲಿ ಅದು ಕೊಡುವುದು 660 ಲ್ಯೂಮೆನ್.

ರಸ್ತೆಯ ಮೇಲೆ ಇದರ ಬೆಲೆ

ಈ ನಷ್ಟ ಬರಿಯ ಪುಸ್ತಕದ ಲೆಕ್ಕವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ಎದುರಿಗೆ ದಾರಿ ದಾಟುವ ಮನುಷ್ಯನನ್ನು ಕಂಡು, ಮನಸ್ಸು ಎಚ್ಚೆತ್ತು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯಿತೆನ್ನೋಣ. ಅಷ್ಟರಲ್ಲಿ ಕಾರು 25 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಬ್ರೇಕು ಹಿಡಿದು, ಸೆಕೆಂಡಿಗೆ 5 ಮೀಟರಿನಂತೆ ವೇಗ ಕುಗ್ಗುತ್ತ ಬಂದರೂ ನಿಲ್ಲಲು ಇನ್ನೂ 28 ಮೀಟರ್ ಬೇಕು. ಒಟ್ಟು 53 ಮೀಟರ್.

ಸರಿಯಾದ ಬೆಳಕಿನಲ್ಲಿ ಕಪ್ಪು ಕಂಬಳಿ ಹೊದ್ದ ಒಬ್ಬ ದಾರಿಹೋಕ 60 ಮೀಟರ್ ದೂರದಲ್ಲಿ ಕಾಣುತ್ತಾನೆ ಎಂದಿಟ್ಟುಕೊಳ್ಳಿ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆದ್ದರಿಂದ ದೀಪದ ಬೆಳಕು 0.66ಕ್ಕೆ ಇಳಿದಾಗ, ಅದೇ ಮನುಷ್ಯ ಅಷ್ಟೇ ಸ್ಪಷ್ಟವಾಗಿ ಕಾಣಬೇಕಾದರೆ ದೂರವು 0.66ರ ವರ್ಗಮೂಲದಷ್ಟು, ಎಂದರೆ ಸುಮಾರು 0.81ರಷ್ಟು ಆಗಬೇಕು. 60 ಮೀಟರ್ ಈಗ 49 ಮೀಟರ್ ಆಯಿತು. ಇದು ಒರಟು ಲೆಕ್ಕವೇ ಸರಿ. ಮಳೆ, ಮಂಜು, ಕಣ್ಣಿನ ದಣಿವು ಯಾವುದನ್ನೂ ಸೇರಿಸಿಲ್ಲ. ಆದರೂ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಾರು ನಿಲ್ಲಲು ಬೇಕಾದದ್ದು 53 ಮೀಟರ್. ಮೊದಲ ಕಾರಿನ ಚಾಲಕನಿಗೆ 7 ಮೀಟರ್ ಉಳಿಯಿತು. ಎರಡನೆಯವನಿಗೆ 4 ಮೀಟರ್ ಸಾಲದೆ ಬಂತು. 0.15 ಓಮ್ ಎಂಬ ಸಣ್ಣ ರೋಧ ಒಂದು ಜೀವದ ಪ್ರಶ್ನೆಯಾಗಬಲ್ಲದು.

ದೊಡ್ಡ ಬಲ್ಬು ಏಕೆ ಬೇಡ?

ಈಗ ಅಂಗಡಿಯವರ ಸಲಹೆಯನ್ನು ಪರೀಕ್ಷಿಸೋಣ. 60 ವಾಟಿನ ಜಾಗದಲ್ಲಿ 100 ವಾಟಿನ ಬಲ್ಬು ಹಾಕಿದೆವು. ಎರಡು ದೀಪಕ್ಕೆ 200 ವಾಟ್. ಪ್ರವಾಹ ಸುಮಾರು 16.7 ಆಂಪಿಯರ್. ದಾರಿಯ ರೋಧ ಅದೇ 0.15 ಓಮ್. ಈಗ ಕಳೆದುಹೋಗುವುದು ಒಂದೂವರೆ ವೋಲ್ಟ್ ಅಲ್ಲ, ಎರಡೂವರೆ ವೋಲ್ಟ್. ದೀಪಕ್ಕೆ ಉಳಿಯುವುದು 10.7 ವೋಲ್ಟ್. ಅದೇ ಸೂತ್ರದಂತೆ ಲೆಕ್ಕ ಹಾಕಿದರೆ, ಈ ಬಲ್ಬು ತಾನು ಕೊಡಬೇಕಾದ ಬೆಳಕಿನಲ್ಲಿ ಸುಮಾರು ಅರ್ಧವನ್ನಷ್ಟೇ ಕೊಡುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯ ಶಾಖದ್ದು. ವಾಹಕದಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಜೂಲ್ 1840ರ ಸುಮಾರಿಗೆ ತೋರಿಸಿಕೊಟ್ಟ. ಸ್ವಿಚ್ಚಿನ ಒಂದು ಸಂಪರ್ಕಕ್ಕೆ ಕಿಲುಬು ಹಿಡಿದು 0.03 ಓಮ್ ರೋಧ ಬಂದಿದೆ ಎನ್ನೋಣ. 10 ಆಂಪಿಯರಿಗೆ ಅಲ್ಲಿ ಹುಟ್ಟುವ ಶಾಖ 3 ವಾಟ್. 16.7 ಆಂಪಿಯರಿಗೆ 8 ವಾಟಿಗೂ ಹೆಚ್ಚು. ಪ್ರವಾಹ ಒಂದೂಮುಕ್ಕಾಲು ಪಟ್ಟೂ ಆಗಲಿಲ್ಲ, ಶಾಖ ಮಾತ್ರ ಎರಡೂಮುಕ್ಕಾಲು ಪಟ್ಟಾಯಿತು! ಬೆರಳ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ ಇಷ್ಟು ಶಾಖ ಹುಟ್ಟಿದರೆ ಸ್ವಿಚ್ಚು ಮೊದಲು ಮೆತ್ತಗಾಗುತ್ತದೆ, ಆಮೇಲೆ ಕರಗುತ್ತದೆ. ಬ್ರಿಟಿಷ್ ಮಾದರಿಯ ಹಳೆಯ ಅನೇಕ ಕಾರುಗಳಲ್ಲಿ ಹೆಡ್‌ಲೈಟಿನ ದಾರಿಗೆ ಫ್ಯೂಸೇ ಇರುತ್ತಿರಲಿಲ್ಲ. ತಂತಿಯ ಹೊದಿಕೆ ಸುಟ್ಟು ಲೋಹಕ್ಕೆ ತಗಲಿದರೆ ತಡೆಯುವವರಿಲ್ಲ. ರಾತ್ರಿಯ ಹೊತ್ತು, ತಿರುವಿನ ದಾರಿಯಲ್ಲಿ, ಎರಡೂ ದೀಪ ಒಮ್ಮೆಲೇ ಆರಿಹೋಗುವುದು ಅಥವಾ ಡ್ಯಾಷ್‌ಬೋರ್ಡಿನಿಂದ ಹೊಗೆ ಬರುವುದು ಯಾರಿಗೂ ಬೇಡ.

ಇನ್ನೊಂದು ಮಿತಿಯನ್ನೂ ನೆನಪಿಡಬೇಕು. ಆ ಕಾಲದ ಕಾರುಗಳ ಡೈನಮೋಗಳು ಕೊಡುತ್ತಿದ್ದುದೇ ಸುಮಾರು 20 ಆಂಪಿಯರ್. ದೀಪವೊಂದೇ 16 ಆಂಪಿಯರ್ ನುಂಗಿದರೆ, ಇಗ್ನಿಷನ್ನಿಗೆ, ಹಿಂದೀಪಗಳಿಗೆ, ವೈಪರಿಗೆ ಸಾಲದೆ ಬಂದದ್ದನ್ನು ಬ್ಯಾಟರಿ ತುಂಬಬೇಕು. ಬ್ಯಾಟರಿ ಬರಿದಾಗುತ್ತ ಹೋಗುತ್ತದೆ.

ಶಿವನಸಮುದ್ರದಿಂದ ಒಂದು ಪಾಠ

ಹಾಗಾದರೆ ದಾರಿಯ ನಷ್ಟವನ್ನು ತಗ್ಗಿಸುವುದು ಹೇಗೆ? ಈ ಪ್ರಶ್ನೆ ನಮ್ಮ ನಾಡಿನಲ್ಲಿ ಬಹಳ ಹಿಂದೆಯೇ ಎದ್ದಿತ್ತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಬೇಕಾಯಿತು. ಅಷ್ಟುದ್ದದ ತಂತಿಯಲ್ಲಿ ನಷ್ಟವಾಗದಿರಲು ಇಂಜಿನಿಯರುಗಳು ಮಾಡಿದ ಉಪಾಯ, ವೋಲ್ಟೇಜನ್ನು ಹಲವು ಸಾವಿರಗಳಿಗೆ ಏರಿಸುವುದು. ವೋಲ್ಟೇಜು ಹೆಚ್ಚಾದರೆ ಅಷ್ಟೇ ಶಕ್ತಿಯನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಬಹುದು; ಪ್ರವಾಹ ಕಡಿಮೆಯಾದರೆ ನಷ್ಟವೂ ಕಡಿಮೆ.

ಕಾರಿನಲ್ಲಿ ಆ ಉಪಾಯಕ್ಕೆ ಎಡೆಯಿಲ್ಲ. ಬ್ಯಾಟರಿ, ಬಲ್ಬು, ಮೋಟರು ಎಲ್ಲವೂ 12 ವೋಲ್ಟಿಗೆ ಹೊಂದಿಕೊಂಡಿವೆ. ಆದ್ದರಿಂದ ಉಳಿದಿರುವ ಮಾರ್ಗ ಒಂದೇ: ರೋಧವನ್ನು ಇಳಿಸುವುದು. ತಂತಿ ಗಿಡ್ಡವಾಗಬೇಕು, ದಪ್ಪವಾಗಬೇಕು, ನಡುವೆ ಜೋಡಣೆಗಳು ಕಡಿಮೆಯಾಗಬೇಕು. ಆದರೆ ಸ್ವಿಚ್ಚು ಚಾಲಕನ ಬಳಿಯೇ ಇರಬೇಕು. ದೀಪದ ಪ್ರವಾಹ ಸ್ವಿಚ್ಚಿನ ತನಕ ಬರಬಾರದು, ಸ್ವಿಚ್ಚಿನ ಅಪ್ಪಣೆ ಮಾತ್ರ ದೀಪದ ತನಕ ಹೋಗಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಸಾಧನವೇ ರಿಲೇ.

ರಿಲೇ ಕೆಲಸ ಮಾಡುವ ಬಗೆ

ರಿಲೇ ಎಂಬ ಹೆಸರು ಬಂದದ್ದು ಹಳೆಯ ಕಾಲದ ಕುದುರೆ ಸವಾರಿಯಿಂದ. ದೂರದ ಊರಿಗೆ ಹೋಗುವಾಗ ದಣಿದ ಕುದುರೆಯನ್ನು ಕಟ್ಟೆಯಲ್ಲಿ ಬಿಟ್ಟು ಹೊಸ ಕುದುರೆ ಹತ್ತುತ್ತಿದ್ದರು. ನಮ್ಮ ಅಂಚೆಯ ಓಟಗಾರರೂ ಚೀಲವನ್ನು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಸುದ್ದಿ ಅದೇ, ಹೊರುವ ಶಕ್ತಿ ಮಾತ್ರ ಹೊಸದು. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರಲ್ಲಿ ಇದೇ ತತ್ತ್ವವನ್ನು ವಿದ್ಯುತ್ತಿಗೆ ಅಳವಡಿಸಿದ. ದೂರದಿಂದ ಬಂದು ಸೊರಗಿದ ಪ್ರವಾಹ ಒಂದು ವಿದ್ಯುತ್ಕಾಂತವನ್ನು ಎಬ್ಬಿಸುತ್ತದೆ. ಆ ವಿದ್ಯುತ್ಕಾಂತ ಇನ್ನೊಂದು ಹೊಸ ಬ್ಯಾಟರಿಯ ಸ್ವಿಚ್ಚನ್ನು ಎಳೆಯುತ್ತದೆ. ಟೆಲಿಗ್ರಾಫಿನ ಸಂದೇಶಗಳು ನೂರಾರು ಮೈಲಿ ಹೋಗಲು ಸಾಧ್ಯವಾದದ್ದು ಈ ಉಪಾಯದಿಂದ.

ಕಾರಿನ ರಿಲೇ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಡಬ್ಬಿ. ಒಳಗೆ ತೆಳು ತಂತಿಯ ಸುರುಳಿ, ಅದರ ನಡುವೆ ಕಬ್ಬಿಣದ ತಿರುಳು, ಎದುರಿಗೆ ಸ್ಪ್ರಿಂಗು ಹಿಡಿದಿಟ್ಟ ಒಂದು ಪಟ್ಟಿ. ಸುರುಳಿಯಲ್ಲಿ ಪ್ರವಾಹ ಹರಿದೊಡನೆ ತಿರುಳು ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆಯುತ್ತದೆ. ‘ಟಿಕ್’ ಎಂಬ ಸದ್ದಿನೊಡನೆ ಎರಡು ದಪ್ಪ ಸಂಪರ್ಕಗಳು ಕೂಡಿಕೊಳ್ಳುತ್ತವೆ. ಪ್ರವಾಹ ನಿಂತರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆಳೆಯುತ್ತದೆ, ಸಂಪರ್ಕ ಬಿಟ್ಟುಹೋಗುತ್ತದೆ.

ಸುರುಳಿಯ ರೋಧ ಸುಮಾರು 85 ಓಮ್. 12 ವೋಲ್ಟಿಗೆ ಅದರಲ್ಲಿ ಹರಿಯುವುದು 0.14 ಆಂಪಿಯರ್ ಮಾತ್ರ. ಹಳೆಯ ಸ್ವಿಚ್ಚಿಗೆ, ಹಳೆಯ ತಂತಿಗೆ ಇನ್ನು ಮುಂದೆ ಇಷ್ಟೇ ಹೊರೆ. 10 ಆಂಪಿಯರ್ ಹೊರುತ್ತಿದ್ದ ಮುದುಕನ ಹೆಗಲಿಂದ ಮೂಟೆ ಇಳಿಸಿ, ಕೈಗೆ ಒಂದು ಚೀಟಿ ಕೊಟ್ಟು ಕಳುಹಿಸಿದ ಹಾಗೆ. ಮೂಟೆ ಹೊರುವವನು ಬೇರೆ. ಅವನು ಬ್ಯಾಟರಿಯ ಪಕ್ಕದಲ್ಲೇ ನಿಂತಿದ್ದಾನೆ.

ನಾಲ್ಕು ಕಾಲುಗಳ ಜೋಡಣೆ

ಸಾಮಾನ್ಯ ರಿಲೇಗೆ ನಾಲ್ಕು ಕಾಲುಗಳಿರುತ್ತವೆ. ಅವುಗಳ ಪಕ್ಕದಲ್ಲಿ 30, 87, 85, 86 ಎಂಬ ಅಂಕಿಗಳನ್ನು ಕೊರೆದಿರುತ್ತಾರೆ. ಇದು ಜರ್ಮನಿಯ ಮಾನಕದಿಂದ ಬಂದು ಜಗತ್ತಿನ ಎಲ್ಲೆಡೆ ಬಳಕೆಯಾಗಿರುವ ಗುರುತು. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿ ಬರುತ್ತದೆ. 87ರಿಂದ ದಪ್ಪ ತಂತಿ ದೀಪಗಳಿಗೆ ಹೋಗುತ್ತದೆ. 86ಕ್ಕೆ, ಹಿಂದೆ ದೀಪಕ್ಕೆ ಹೋಗುತ್ತಿದ್ದ ಹಳೆಯ ತಂತಿಯನ್ನು ಕೊಡಬೇಕು. 85ನ್ನು ಅರ್ತ್‌ಗೆ ಸೇರಿಸಬೇಕು. ಹೈಬೀಮ್ ಎನ್ನುವ ದೂರದ ಬೆಳಕಿಗೆ ಒಂದು, ಡಿಪ್ ಬೆಳಕಿಗೆ ಒಂದು, ಹೀಗೆ ಎರಡು ರಿಲೇಗಳು ಬೇಕು. ಲ್ಯೂಕಾಸ್ ಪದ್ಧತಿಯ ತಂತಿಗಳಿರುವ ಬ್ರಿಟಿಷ್ ಕಾರುಗಳಲ್ಲಿ ನೀಲಿಯ ಮೇಲೆ ಬಿಳಿ ಗೆರೆಯದು ಹೈಬೀಮಿನ ತಂತಿ, ನೀಲಿಯ ಮೇಲೆ ಕೆಂಪು ಗೆರೆಯದು ಡಿಪ್ಪಿನದು. ಆದರೆ ಹಳೆಯ ಕಾರುಗಳ ತಂತಿಗಳನ್ನು ನಡುವೆ ಯಾರು ಯಾರೋ ಬದಲಿಸಿರುತ್ತಾರೆ. ಬಣ್ಣವನ್ನು ನಂಬದೆ ಮೀಟರಿನಿಂದ ಪರೀಕ್ಷಿಸಿಯೇ ಗುರುತಿಸಬೇಕು.

ಹೊಸ ದಾರಿಯ ಲೆಕ್ಕ ನೋಡಿ. ಎರಡೂವರೆ ಚದರ ಮಿಲಿಮೀಟರಿನ ತಂತಿ ಒಂದೂವರೆ ಮೀಟರ್. ಅದರ ರೋಧ ಸುಮಾರು 0.01 ಓಮ್. ಸಂಪರ್ಕ, ಫ್ಯೂಸು, ಅರ್ತ್ ಸೇರಿ ಇನ್ನೊಂದು 0.01. ಒಟ್ಟು 0.02 ಓಮ್. 10 ಆಂಪಿಯರಿಗೆ ನಷ್ಟವಾಗುವುದು 0.2 ವೋಲ್ಟ್. ದೀಪಕ್ಕೆ 13 ವೋಲ್ಟ್ ಸಿಗುತ್ತದೆ. ಬೆಳಕು 660 ಲ್ಯೂಮೆನ್ನಿನಿಂದ 950ಕ್ಕೆ ಏರುತ್ತದೆ. ಬಲ್ಬು ಅದೇ!

ಮೊದಲು ಅಳೆಯಿರಿ

ಯಾವ ದುರಸ್ತಿಗೂ ಮೊದಲು ರೋಗ ಎಲ್ಲಿದೆ ಎಂದು ತಿಳಿಯಬೇಕು. ಇದಕ್ಕೆ ಒಂದು ಮಲ್ಟಿಮೀಟರ್ ಸಾಕು. ಇಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ. ಬ್ಯಾಟರಿಯ ಎರಡು ತುದಿಗಳ ನಡುವೆ ವೋಲ್ಟೇಜು ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ದೀಪದ ಹಿಂದಿನ ಜೋಡಣೆಯಲ್ಲಿ ಅಳೆಯಿರಿ. ಎರಡರ ವ್ಯತ್ಯಾಸವೇ ದಾರಿಯ ನಷ್ಟ. ದೀಪ ಆರಿರುವಾಗ ಅಳೆದರೆ ಪ್ರಯೋಜನವಿಲ್ಲ; ಪ್ರವಾಹವೇ ಇಲ್ಲದಿದ್ದರೆ ನಷ್ಟವೂ ಕಾಣುವುದಿಲ್ಲ. ಇನ್ನೊಂದು ಅಳತೆ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ದೀಪದ ಅರ್ತ್‌ಗೂ ಮುಟ್ಟಿಸಿ. ಅಲ್ಲಿ ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್ ಬಂದರೆ ತಪ್ಪು ತುಕ್ಕಿನದು. ಉಪ್ಪುಕಾಗದದಿಂದ ಉಜ್ಜಿ, ಹೊಸ ಅರ್ತ್ ತಂತಿ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಬ್ಯಾಟರಿಯ ಬಳಿಯೇ ವೋಲ್ಟೇಜು ಕಡಿಮೆಯಿದ್ದರೆ ರಿಲೇಯಿಂದ ಉಪಯೋಗವಿಲ್ಲ. ಡೈನಮೋ ಅಥವಾ ರೆಗ್ಯುಲೇಟರನ್ನು ನೋಡಿಸಬೇಕು. ಡೈನಮೋ ಇರುವ ಕಾರು ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ದೀಪ ಮಂಕಾಗುವುದು ಡೈನಮೋದ ಸ್ವಭಾವ. ಅದನ್ನೂ ರಿಲೇ ಬದಲಿಸಲಾರದು.

ಕೆಲವು ಎಚ್ಚರಿಕೆಗಳು

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಇದನ್ನು ಅನುಭವವುಳ್ಳ ಆಟೋ ಎಲೆಕ್ಟ್ರೀಷಿಯನ್ನರ ಜೊತೆ ನಿಂತು ಮಾಡಿಸುವುದು ಒಳ್ಳೆಯದು. ಆಗ ಈ ಕೆಳಗಿನವುಗಳನ್ನು ನೀವೂ ಗಮನಿಸಬಹುದು.

ಫ್ಯೂಸು ಬ್ಯಾಟರಿಗೆ ಆದಷ್ಟು ಹತ್ತಿರವಿರಬೇಕು. ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ ಆ ತುಂಡು ಗಿಡ್ಡವಾದಷ್ಟೂ ಕ್ಷೇಮ. ಫ್ಯೂಸು ತಡೆಯುವ ಪ್ರವಾಹಕ್ಕಿಂತ ಹೆಚ್ಚು ಹೊರಬಲ್ಲ ತಂತಿಯನ್ನೇ ಹಾಕಬೇಕು. ಎಡ ದೀಪಕ್ಕೂ ಬಲ ದೀಪಕ್ಕೂ ಬೇರೆ ಬೇರೆ ಫ್ಯೂಸು ಕೊಟ್ಟರೆ, ಒಂದು ಸುಟ್ಟರೂ ಇನ್ನೊಂದು ದೀಪ ದಾರಿ ತೋರುತ್ತದೆ. ರಿಲೇಯೇ ಕೆಟ್ಟರೆ ಆ ಬೆಳಕಿನ ಎರಡೂ ದೀಪಗಳು ಆರುತ್ತವೆ. ಆದ್ದರಿಂದ ಒಂದು ಬದಲಿ ರಿಲೇ ಕಾರಿನಲ್ಲಿರಲಿ. ರಿಲೇಯನ್ನು ಕಾಲುಗಳು ಕೆಳಮುಖವಾಗುವಂತೆ ಕೂರಿಸಿದರೆ ಒಳಗೆ ನೀರು ನಿಲ್ಲುವುದಿಲ್ಲ. ತಗಡಿನ ತೂತಿನಲ್ಲಿ ತಂತಿ ಹೋಗುವಲ್ಲೆಲ್ಲ ರಬ್ಬರಿನ ಬಳೆ ಇರಬೇಕು. ಇಲ್ಲವಾದರೆ ಕಾರಿನ ಅದುರಾಟಕ್ಕೆ ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊರೆಯುತ್ತದೆ.

ಕಾಲೇಜಿನ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸುವ ಒಂದು ಸೂಕ್ಷ್ಮವಿದೆ. ಸುರುಳಿಯ ಪ್ರವಾಹವನ್ನು ಥಟ್ಟನೆ ನಿಲ್ಲಿಸಿದಾಗ ಸ್ವಪ್ರೇರಣೆಯಿಂದ ಅದರಲ್ಲಿ ಹೆಚ್ಚಿನ ವೋಲ್ಟೇಜು ಹುಟ್ಟುತ್ತದೆ. ಇದನ್ನು ಅಡಗಿಸಲು ಕೆಲವು ರಿಲೇಗಳ ಒಳಗೆ ಡಯೋಡ್ ಇಟ್ಟಿರುತ್ತಾರೆ. ಬ್ರಿಟಿಷ್ ಮಾದರಿಯ ಹಳೆಯ ಹಲವು ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಸೇರಿಸುತ್ತಿದ್ದರು. ಬರಿಯ ಸುರುಳಿಗೆ ಪ್ರವಾಹ ಯಾವ ಕಡೆಯಿಂದ ಬಂದರೂ ಸರಿ. ಡಯೋಡ್ ಇರುವ ರಿಲೇಯನ್ನು ತಿರುವುಮುರುವಾಗಿ ಜೋಡಿಸಿದರೆ ಮಾತ್ರ ಡಯೋಡ್ ಸುಟ್ಟುಹೋಗುತ್ತದೆ.

ನಮಗೆ ಬೆಳಕು, ಎದುರಿನವರಿಗೆ ಕತ್ತಲೆ ಆಗಬಾರದು

ದೀಪ ಮಂಕಾಗಿದ್ದಾಗ ಅದರ ದಿಕ್ಕು ತಪ್ಪಿದ್ದರೂ ಯಾರಿಗೂ ಅಷ್ಟಾಗಿ ತೊಂದರೆ ಆಗಿರುವುದಿಲ್ಲ. ಬೆಳಕು ಹೆಚ್ಚಿದ ಮೇಲೆ ಅದೇ ತಪ್ಪು ಎದುರಿನವರ ಕಣ್ಣು ಕೋರೈಸುತ್ತದೆ. ಎದುರಿಗೆ ಬರುವವರ ಕಣ್ಣು ಕುಕ್ಕದಂತೆ ಬೆಳಕು ತಗ್ಗಿರಬೇಕು ಅಥವಾ ತಗ್ಗಿಸುವಂತಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಆದ್ದರಿಂದ ರಿಲೇ ಹಾಕಿದ ಬಳಿಕ ದೀಪದ ದಿಕ್ಕನ್ನು ಸರಿಪಡಿಸದೆ ಕೆಲಸ ಮುಗಿಯಿತೆನ್ನಬಾರದು. ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಡಿಪ್ ಬೆಳಕು ಹಾಕಿದಾಗ, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸುವುದು ಸಾಮಾನ್ಯ ರೂಢಿ. ನಾವು ರಸ್ತೆಯ ಎಡಬದಿಯಲ್ಲಿ ಚಲಿಸುವವರು. ಆದ್ದರಿಂದ ನಮ್ಮ ದೀಪಗಳ ಬೆಳಕು ಎಡಕ್ಕೆ ಸ್ವಲ್ಪ ಏರಿ ರಸ್ತೆಯ ಅಂಚನ್ನು ತೋರಬೇಕು. ಬಲಬದಿಯಲ್ಲಿ ಚಲಿಸುವ ದೇಶಗಳಿಗಾಗಿ ಮಾಡಿದ ದೀಪ ನಮ್ಮಲ್ಲಿ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಇಂದು ಅಂಗಡಿಗಳಲ್ಲಿ ಎಚ್4 ಜಾಗಕ್ಕೆ ಹೊಂದುವ ಎಲ್‌ಇಡಿ ಬಲ್ಬುಗಳೂ ಸಿಗುತ್ತವೆ. ಅವು ಎಳೆಯುವ ಪ್ರವಾಹ ಕಡಿಮೆ ನಿಜ. ಆದರೆ ಹಳೆಯ ದೀಪದ ಪ್ರತಿಫಲಕವನ್ನು ರೂಪಿಸಿರುವುದು ನಿಗದಿಯಾದ ಜಾಗದಲ್ಲಿರುವ ಸಣ್ಣ ತಂತುವಿಗೆ. ಬೆಳಕಿನ ಮೂಲ ಅಲ್ಲಿಂದ ಸ್ವಲ್ಪ ಸರಿದರೂ ಕಿರಣಗಳು ಚೆದರಿ, ರಸ್ತೆಗೆ ಬೀಳಬೇಕಾದ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಹೊಸ ಕಾರುಗಳ ವಿಷಯವೇ ಬೇರೆ. ಅನೇಕ ಹೊಸ ಕಾರುಗಳಲ್ಲಿ ಅರೆವಾಹಕದ ಸ್ವಿಚ್ಚುಗಳೂ ಪುಟ್ಟ ಕಂಪ್ಯೂಟರುಗಳೂ ದೀಪವನ್ನು ನಡೆಸುತ್ತವೆ. ಅವುಗಳ ತಂತಿಗೆ ಕೈಹಾಕಬಾರದು.

ನೀವೇ ಮಾಡಿ ನೋಡಿ

ಎರಡು ಟಾರ್ಚ್ ಸೆಲ್ಲುಗಳು, ಒಂದು ಟಾರ್ಚ್ ಬಲ್ಬು, ಪ್ರಯೋಗಾಲಯದ ಒಂದು ಗೇಣುದ್ದ ನೈಕ್ರೋಮ್ ತಂತಿ ತೆಗೆದುಕೊಳ್ಳಿ. ಬಲ್ಬನ್ನು ಮೊದಲು ನೇರವಾಗಿ ಉರಿಸಿ. ಆಮೇಲೆ ನೈಕ್ರೋಮ್ ತಂತಿಯನ್ನು ನಡುವೆ ಸೇರಿಸಿ ಉರಿಸಿ. ಬೆಳಕು ಇಳಿಯುವುದರ ಜೊತೆಗೆ ಬಣ್ಣವೂ ಕೆಂಪಿಗೆ ತಿರುಗುವುದನ್ನು ಗಮನಿಸಿ. ವೋಲ್ಟ್‌ಮೀಟರಿನಿಂದ ಬಲ್ಬಿನ ಎರಡು ತುದಿಗಳಲ್ಲಿ ಅಳೆದು, ಎರಡು ಸಲದ ವ್ಯತ್ಯಾಸ ಬರೆಯಿರಿ.

ಎರಡನೆಯದಾಗಿ, ದೊಡ್ಡ ಕಬ್ಬಿಣದ ಮೊಳೆಗೆ ಎನಾಮಲ್ ಹೊದಿಕೆಯ ತೆಳು ತಾಮ್ರದ ತಂತಿಯನ್ನು ನೂರು ಸುತ್ತು ಸುತ್ತಿ. ತಂತಿಯ ಎರಡು ತುದಿಗಳಲ್ಲಿ ಹೊದಿಕೆಯನ್ನು ಕೆರೆಯಲು ಮರೆಯಬೇಡಿ. ಹಳೆಯ ತಗಡಿನ ಡಬ್ಬಿಯಿಂದ ಒಂದು ಪಟ್ಟಿ ಕತ್ತರಿಸಿ, ಅದರ ಒಂದು ತುದಿಯನ್ನು ಮರದ ತುಂಡಿಗೆ ಹೊಡೆದು, ಇನ್ನೊಂದು ತುದಿ ಮೊಳೆಯ ತಲೆಯ ಹತ್ತಿರ ತೂಗುವಂತೆ ಮಾಡಿ. ಸುರುಳಿಗೆ ಒಂದು ಸೆಲ್ಲು ಕೊಟ್ಟರೆ ಪಟ್ಟಿ ಮೊಳೆಯತ್ತ ಬಾಗಬೇಕು. ಹಾಗೆ ಬಾಗಿದಾಗ ಇನ್ನೊಂದು ತಂತಿಯ ತುದಿಗೆ ಅದು ತಗಲಿ ಬೇರೆ ಸೆಲ್ಲಿನ ಬಲ್ಬು ಉರಿಯುವಂತೆ ಜೋಡಿಸಿ. ಸುರುಳಿ ಬೇಗ ಬಿಸಿಯಾಗುವುದರಿಂದ ಕೆಲವೇ ಸೆಕೆಂಡು ಸಂಪರ್ಕ ಕೊಡಿ. ಮನೆಯ ವಿದ್ಯುತ್ತನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ.

ಪಟ್ಟಿ ‘ಟಿಕ್’ ಎಂದು ಬಿದ್ದು ಬಲ್ಬು ಹೊತ್ತಿಕೊಂಡಾಗ ನಿಮ್ಮ ಕೈಯಲ್ಲಿ ಒಂದು ರಿಲೇ ತಯಾರಾಗಿರುತ್ತದೆ. ಮುಂದೆ ಎಲ್ಲಾದರೂ ಮಂಕು ದೀಪ ಕಂಡರೆ, ಅದು ಕಾರಿನದಾಗಲಿ, ಹೊಲದ ಪಂಪುಮನೆಯದಾಗಲಿ, ಬಲ್ಬಿನ ವಾಟ್ ಕೇಳುವ ಮೊದಲು ಅಲ್ಲಿಗೆ ಎಷ್ಟು ವೋಲ್ಟ್ ಬಂದು ತಲಪುತ್ತಿದೆ, ತಂತಿ ಎಷ್ಟು ಉದ್ದ, ಎಷ್ಟು ದಪ್ಪ ಎಂದು ಕೇಳಿ. ಪಂಪುಮನೆಯದಾದರೆ ನೀವೇ ಕೈಹಾಕದೆ ಲೈನ್‌ಮನ್ನರಿಂದ ಅಳೆಸಿ.